ಖಾಲಿ ಸೀಟಿನ ಔದಾರ್ಯ

ವಿಮಾನದಲ್ಲಿ ಪದೇ ಪದೇ ಓಡಾಡುವವರು ಹಾರಿದ ದೂರವನ್ನು ಮೈಲಿಗಳ ಲೆಕ್ಕದಲ್ಲಿ ಅವರವರ ಹೆಸರಿನ ಖಾತೆಗೆ ಜಮಾ ಮಾಡಿ, ಆ ಜಮೆ ಒಂದು ಮಟ್ಟ ಮುಟ್ಟಿದಾಗ ಬಿಟ್ಟಿ ಟಿಕೆಟ್ಟನ್ನೋ ಮೇಲಿನ ದರ್ಜೆಯ ಸೀಟನ್ನೋ ಕೊಡುವ ಏರ್ಪಾಡಿಗೆ ಫ್ರೀಕ್ವೆಂಟ್ ಫ್ಲೈಯರ್ ಯೋಜನೆ ಎಂದು ಹೆಸರು. ಇಂದು ಜಗತ್ತಿನ ದೊಡ್ಡ ವಿಮಾನ ಕಂಪನಿಗಳಲ್ಲಿ ಇಂಥ ಯೋಜನೆ ಇಲ್ಲದವು ತೀರ ವಿರಳ. ಆದರೆ ಈ ಯೋಜನೆಗಳ ಮೊದಲ ಏಳೆಂಟು ವರ್ಷಗಳು, ಎಂದರೆ 1981ರಿಂದ 1988ರ ಆಸುಪಾಸಿನವರೆಗೆ ಅಮೆರಿಕದಲ್ಲಿ ನಡೆದ ಕಾಲ, ಹಳೆಯ ಪ್ರಯಾಣಿಕರ ಮಾತಿನಲ್ಲಿ ಈಗಲೂ ಸುಗ್ಗಿಯ ಕಾಲವೆಂದೇ ಉಳಿದಿದೆ. ಆಗ ಕೇಳಿದವರಿಗೆಲ್ಲ ಸೀಟು ಸಿಗುತ್ತಿತ್ತು, ಮೈಲಿಗಳು ಎರಡರಷ್ಟು ಮೂರರಷ್ಟು ಬೆಳೆಯುತ್ತಿದ್ದವು, ಷರತ್ತುಗಳು ಬೆರಳೆಣಿಕೆಯಷ್ಟಿದ್ದವು ಎಂಬ ನೆನಪು ಅವರದು, ಮತ್ತು ಆ ನೆನಪು ಬಹುಮಟ್ಟಿಗೆ ಸರಿಯಾದದ್ದೇ. ವ್ಯಾಪಾರದ ಚರಿತ್ರೆಯಲ್ಲಿ ಇಷ್ಟು ಧಾರಾಳತನ ಕಂಡಲ್ಲಿ ಅದರ ಹಿಂದಿನ ಲೆಕ್ಕವನ್ನು ಹುಡುಕಬೇಕಾಗುತ್ತದೆ. ಹುಡುಕಿದಾಗ ಇಲ್ಲಿ ಸಿಗುವುದು ಸ್ವಲ್ಪ ವಿಚಿತ್ರವಾದ ಕತೆ. ಯಾವ ಗಣಕಯಂತ್ರ ಈ ಧಾರಾಳತನಕ್ಕೆ ದಾರಿ ಮಾಡಿಕೊಟ್ಟಿತೋ ಅದೇ ಯಂತ್ರ ಕೆಲವೇ ವರ್ಷಗಳಲ್ಲಿ ಆ ದಾರಿಯನ್ನು ಮುಚ್ಚಿತು.

ಕತೆ ಆರಂಭವಾಗುವುದು ಸರ್ಕಾರದ ಒಂದು ಕಾನೂನಿನಿಂದ. ಅಮೆರಿಕದೊಳಗಿನ ವಿಮಾನಯಾನ 1938ರಿಂದ ನಲವತ್ತು ವರ್ಷ ಬಿಗಿಯಾದ ನಿಯಂತ್ರಣದಲ್ಲಿತ್ತು. ಯಾವ ಕಂಪನಿ ಯಾವ ಊರಿನಿಂದ ಯಾವ ಊರಿಗೆ ಹಾರಬಹುದು, ಟಿಕೆಟ್ಟಿಗೆ ಎಷ್ಟು ಹಣ ಪಡೆಯಬಹುದು ಎಂಬುದನ್ನು ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಎಂಬ ಸರ್ಕಾರಿ ಮಂಡಳಿ ನಿರ್ಧರಿಸುತ್ತಿತ್ತು. ದರದಲ್ಲಿ ಪೈಪೋಟಿಗೆ ಎಡೆಯಿಲ್ಲದ್ದರಿಂದ ಕಂಪನಿಗಳು ಊಟ, ಮದ್ಯ, ಗಗನಸಖಿಯರ ಉಡುಪು, ಕಾಲು ಚಾಚಲು ಸಿಗುವ ಜಾಗ ಇಂಥವುಗಳಲ್ಲಿ ಒಂದನ್ನೊಂದು ಮೀರಿಸಲು ಹೆಣಗುತ್ತಿದ್ದವು. 1970ರ ದಶಕದ ಆರಂಭದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಜಂಬೋ ವಿಮಾನಗಳ ಹಿಂಭಾಗದಲ್ಲಿ ಪಿಯಾನೋ ಇರಿಸಿದ್ದ ವಿಶ್ರಾಂತಿ ಕೋಣೆಯನ್ನೇ ಮಾಡಿತ್ತು. ಈ ವ್ಯವಸ್ಥೆಯನ್ನು ಒಳಗಿನಿಂದಲೇ ಸಡಿಲಿಸಿದವರು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್. ತಾವೇ ಅಧ್ಯಕ್ಷರಾಗಿದ್ದ ಮಂಡಳಿ ಇರಬೇಕಾದ ಅಗತ್ಯವಿಲ್ಲವೆಂದು ವಾದಿಸಿದ ಅಧಿಕಾರಿಗಳು ಯಾವ ದೇಶದಲ್ಲೂ ಹೆಚ್ಚಿಗೆ ಸಿಗುವುದಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 24ರಂದು ನಿಯಂತ್ರಣ ರದ್ದತಿಯ ಕಾನೂನಿಗೆ ಸಹಿ ಹಾಕಿದರು, 1984 ಮುಗಿಯುವ ಹೊತ್ತಿಗೆ ಮಂಡಳಿಯೂ ಬಾಗಿಲು ಮುಚ್ಚಿತು.

ದರಗಳು ಸ್ವತಂತ್ರವಾದ ಕೂಡಲೆ ಹಳೆಯ ದೊಡ್ಡ ಕಂಪನಿಗಳಿಗೆ ಎದುರಾದದ್ದು ಎರಡು ಸಂಕಟಗಳು. ಅಗ್ಗದ ದರದ ಹೊಸ ಕಂಪನಿಗಳು ಮಾರುಕಟ್ಟೆಗೆ ನುಗ್ಗಿದ್ದು ಒಂದು. ದುಬಾರಿ ಇಂಧನ ಮತ್ತು ಆರ್ಥಿಕ ಹಿಂಜರಿತಗಳ ನಡುವೆ ಸೀಟುಗಳು ತುಂಬದೆ ಉಳಿದದ್ದು ಇನ್ನೊಂದು. ಹಾರಾಟಕ್ಕೆ ಒದಗಿಸಿದ ಒಟ್ಟು ಸೀಟುಗಳಲ್ಲಿ ದುಡ್ಡು ಕೊಟ್ಟವರು ಕುಳಿತ ಸೀಟುಗಳ ಪಾಲನ್ನು ಭರ್ತಿ ಪ್ರಮಾಣ ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಂಪನಿಗಳಲ್ಲಿ ಇದು ಶೇಕಡಾ 60ರ ಆಚೀಚೆ ಇತ್ತು, ಎಂದರೆ ಹತ್ತು ಸೀಟುಗಳಲ್ಲಿ ಸುಮಾರು ನಾಲ್ಕು ಖಾಲಿಯಾಗಿಯೇ ಹಾರುತ್ತಿದ್ದವು. ವಿಮಾನದ ಸೀಟು ಉಗ್ರಾಣದಲ್ಲಿಟ್ಟು ನಾಳೆ ಮಾರಬಹುದಾದ ಸರಕಲ್ಲ. ಬಾಗಿಲು ಮುಚ್ಚಿ ವಿಮಾನ ರನ್‌ವೇಯತ್ತ ಹೊರಳಿದ ಕ್ಷಣಕ್ಕೆ ಮಾರಾಟವಾಗದ ಸೀಟಿನ ಬೆಲೆ ಸೊನ್ನೆಗೆ ಇಳಿಯುತ್ತದೆ. ಆ ಸೀಟಿನಲ್ಲಿ ಒಬ್ಬರನ್ನು ಬಿಟ್ಟಿಯಾಗಿ ಕೂರಿಸಿದರೆ ಹೆಚ್ಚಿಗೆ ತಗಲುವ ಖರ್ಚು ಒಂದು ಊಟ, ಒಂದಿಷ್ಟು ಇಂಧನ, ಚೂರು ಕಾಗದಪತ್ರದ ಕೆಲಸ ಇಷ್ಟೆ. ಅರ್ಥಶಾಸ್ತ್ರದವರು ಇದನ್ನು ಅಂಚಿನ ವೆಚ್ಚ ಎನ್ನುತ್ತಾರೆ. ಅಳತೆಯ ಹಾಲಿನ ಮೇಲೆ ಕೊಸರು ಹಾಕುವ ಹಾಲಿನವಳಿಗೆ ಆ ಕೊಸರು ತನ್ನ ಪಾತ್ರೆಯಿಂದಲೇ ಹೋಗಬೇಕು, ಆದರೆ ವಿಮಾನ ಕಂಪನಿ ಹಾಕಿದ ಕೊಸರು ಹೇಗಿದ್ದರೂ ಚೆಲ್ಲಿಹೋಗಲಿದ್ದ ಹಾಲಿನದು. ಸಲಾಡಿನ ತಟ್ಟೆಯಿಂದ ಒಂದೊಂದು ಆಲಿವ್ ಕಾಯಿಯನ್ನು ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದ್ದಾಗಿ ಹೇಳಲಾಗುವ ರಾಬರ್ಟ್ ಕ್ರಾಂಡಲ್ ಅವರ ಕೈಕೆಳಗೇ ಅಮೆರಿಕನ್ ಏರ್‌ಲೈನ್ಸ್ ಪ್ರಥಮ ದರ್ಜೆಯ ಸೀಟುಗಳನ್ನು ಬಿಟ್ಟಿ ಹಂಚಲು ತೊಡಗಿತು ಎಂಬುದರಲ್ಲಿ ವಿರೋಧಾಭಾಸವೇನೂ ಇಲ್ಲ, ಏಕೆಂದರೆ ಆಲಿವ್ ಕಾಯಿಗೆ ಕಂಪನಿ ದುಡ್ಡು ಕೊಡಬೇಕಿತ್ತು.

ಗಿರಾಕಿಗೆ ಕೊಡುಗೆಯ ಆಸೆ ತೋರಿಸಿ ಮತ್ತೆ ಮತ್ತೆ ಕರೆಯಿಸಿಕೊಳ್ಳುವ ಪದ್ಧತಿಯಂತೂ ಆ ದೇಶಕ್ಕೆ ಹೊಸದಲ್ಲ. ಸ್ಪೆರಿ ಮತ್ತು ಹಚಿನ್ಸನ್ ಎಂಬ ಕಂಪನಿ 1896ರಿಂದಲೇ ಅಂಗಡಿಗಳ ಮೂಲಕ ಹಸಿರು ಚೀಟಿಗಳನ್ನು ಹಂಚುತ್ತಿತ್ತು. ಅವನ್ನು ಪುಸ್ತಕಕ್ಕೆ ಅಂಟಿಸಿ ತುಂಬಿಸಿದ ಗೃಹಿಣಿಯರಿಗೆ ಪಾತ್ರೆಪಗಡ, ದೀಪ, ಕುರ್ಚಿಗಳು ಸಿಗುತ್ತಿದ್ದವು. ವಿಮಾನ ಕಂಪನಿಗಳಿಗೆ ಇನ್ನೂ ಹತ್ತಿರದ ಪಾಠ ಸಿಕ್ಕಿದ್ದು 1979ರಲ್ಲಿ. ಆ ವರ್ಷ ಯುನೈಟೆಡ್ ಏರ್‌ಲೈನ್ಸ್‌ನ ಕಾರ್ಮಿಕರು ದೀರ್ಘ ಮುಷ್ಕರ ಹೂಡಿದ್ದರಿಂದ ಪ್ರಯಾಣಿಕರು ಬೇರೆ ಕಂಪನಿಗಳ ಕಡೆಗೆ ಹೋಗಿಬಿಟ್ಟಿದ್ದರು. ಅವರನ್ನು ಮರಳಿ ಸೆಳೆಯಲು ಕಂಪನಿ ವಿಮಾನ ಹತ್ತಿದವರಿಗೆಲ್ಲ ಮುಂದಿನ ಪ್ರಯಾಣಕ್ಕೆ ಅರ್ಧ ದರದ ಕೂಪನ್ನು ಕೊಟ್ಟಿತು, ಅಮೆರಿಕನ್ ಕೂಡ ಅದನ್ನೇ ಮಾಡಿತು. ಜನ ಕೂಪನ್ನಿಗಾಗಿಯೇ ವಿಮಾನ ಹತ್ತಿದರು, ವಿಮಾನ ನಿಲ್ದಾಣಗಳಲ್ಲೇ ಕೂಪನ್ನುಗಳ ಕೊಳ್ಳುಕೊಡೆ ನಡೆಯಿತು. ಕೊಡುಗೆಯ ಸೆಳೆತ ಎಷ್ಟೆಂಬುದು ಇದರಿಂದ ತಿಳಿಯಿತು, ಜೊತೆಗೆ ಅದರ ಕುಂದೂ ತಿಳಿಯಿತು. ಕೂಪನ್ನಿನ ಮೇಲೆ ಯಾರ ಹೆಸರೂ ಇಲ್ಲದ್ದರಿಂದ ಅದು ಯಾರ ನಿಷ್ಠೆಯನ್ನೂ ಕೊಳ್ಳಲಾರದಾಗಿತ್ತು.

ಹೆಸರಿನ ಪ್ರಶ್ನೆಯೇ ನಿಜವಾಗಿ ಕಷ್ಟದ ಪ್ರಶ್ನೆ. ಆ ಕಾಲದಲ್ಲಿ ಟಿಕೆಟ್ಟುಗಳ ಬಹುಪಾಲು ಟ್ರಾವೆಲ್ ಏಜೆಂಟರ ಕೈಯಿಂದ ಮಾರಾಟವಾಗುತ್ತಿದ್ದುದರಿಂದ ತನ್ನ ವಿಮಾನದಲ್ಲಿ ವಾರಕ್ಕೆರಡು ಸಲ ಕೂರುವ ವ್ಯಾಪಾರಿ ಯಾರು, ಹತ್ತು ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ಅಜ್ಜಿ ಯಾರು ಎಂಬುದು ಕಂಪನಿಗೆ ಗೊತ್ತೇ ಇರಲಿಲ್ಲ. ಮೈಲಿ ಲೆಕ್ಕದ ಯೋಜನೆಯನ್ನು ಮೊದಲು, 1979ರಲ್ಲಿ, ಆರಂಭಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಕಂಪನಿಗೆ ಕೊಡಲಾಗುತ್ತದೆ; ಆದರೆ ಅದನ್ನು ದೇಶವ್ಯಾಪಿ ಏರ್ಪಾಡಾಗಿ ಬೆಳೆಸಿದ್ದು ಅಮೆರಿಕನ್ ಏರ್‌ಲೈನ್ಸ್, ಅದಕ್ಕೆ ಕಾರಣ ಆ ಕಂಪನಿಯ ಕೈಯಲ್ಲಿದ್ದ ಸೇಬರ್ ಎಂಬ ಗಣಕ ವ್ಯವಸ್ಥೆ. ಐಬಿಎಂ ಜೊತೆ ಸೇರಿ 1960ರ ದಶಕದಲ್ಲಿ ಬಳಕೆಗೆ ತಂದ ಈ ವ್ಯವಸ್ಥೆ ಸೀಟು ಕಾಯ್ದಿರಿಸುವ ಕೆಲಸಕ್ಕೆ ಹುಟ್ಟಿದ್ದು, 1976ರಿಂದ ಅದರ ಪರದೆಗಳು ಟ್ರಾವೆಲ್ ಏಜೆಂಟರ ಮೇಜಿನ ಮೇಲೂ ಕೂತಿದ್ದವು. ಬುಕ್ಕಿಂಗಿನ ಸಮಯದಲ್ಲಿ ಪ್ರಯಾಣಿಕರು ಕೊಡುತ್ತಿದ್ದ ಫೋನ್ ನಂಬರುಗಳನ್ನು ಜಾಲಾಡಿ, ಮತ್ತೆ ಮತ್ತೆ ಕಾಣಿಸಿಕೊಂಡ ನಂಬರುಗಳನ್ನು ಹೆಕ್ಕಿ ತೆಗೆದಾಗ ಪದೇ ಪದೇ ಹಾರುವ ಒಂದು ಲಕ್ಷಕ್ಕೂ ಮೀರಿದ ಜನರ ಪಟ್ಟಿ ಸಿದ್ಧವಾಯಿತು. ಆ ಪಟ್ಟಿಯ ಜನರನ್ನೇ ಮೊದಲ ಸದಸ್ಯರನ್ನಾಗಿ ಮಾಡಿ ಕಂಪನಿ 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆಯನ್ನು ಘೋಷಿಸಿತು.

ಯುನೈಟೆಡ್ ಒಂದು ವಾರದೊಳಗೆ ಮೈಲೇಜ್ ಪ್ಲಸ್ ಎಂಬ ತನ್ನ ಯೋಜನೆಯನ್ನು ಹೊರತಂದಿತು, ಸೇರಿದವರಿಗೆ ಹಾರುವ ಮೊದಲೇ 5,000 ಮೈಲಿ ಕೊಟ್ಟಿತು. ವರ್ಷ ಮುಗಿಯುವುದರೊಳಗೆ ಡೆಲ್ಟಾ ಮತ್ತು ಟಿಡಬ್ಲ್ಯೂಎ ಕಂಪನಿಗಳೂ ಅದೇ ಹಾದಿ ಹಿಡಿದವು. ಎದುರಾಳಿ ನಕಲು ಮಾಡಿದ ಕೊಡುಗೆಯಿಂದ ಯಾರಿಗೂ ಮೇಲುಗೈ ಇಲ್ಲ, ಆದರೆ ನಿಲ್ಲಿಸಿದವರಿಗೆ ಖಚಿತವಾದ ನಷ್ಟವಿದೆ. ಹೀಗೆ ಒಬ್ಬರನ್ನೊಬ್ಬರು ಕಟ್ಟಿಹಾಕಿಕೊಂಡ ಕಂಪನಿಗಳು ಕೊಡುಗೆಯನ್ನು ಹಿಗ್ಗಿಸುವುದರಲ್ಲಿ ಪೈಪೋಟಿಗೆ ಇಳಿದವು. ಆಗಿನ ಧಾರಾಳತನದ ವಿವರಗಳು ಇಂದಿನ ಪ್ರಯಾಣಿಕರಿಗೆ ಕಟ್ಟುಕತೆಯಂತೆ ತೋರಬಹುದು. ನೂರಿನ್ನೂರು ಮೈಲಿಯ ಸಣ್ಣ ಹಾರಾಟಕ್ಕೂ ಕನಿಷ್ಠ 500 ಮೈಲಿ ಬರೆದುಕೊಳ್ಳುವುದು ರೂಢಿಯಾಗಿದ್ದರಿಂದ ನೇರವಾಗಿ ಹೋಗುವ ವಿಮಾನವನ್ನು ಬಿಟ್ಟು ನಡುವೆ ಒಂದೆರಡು ಊರುಗಳಲ್ಲಿ ಇಳಿದು ಹತ್ತಿ ಹೋಗುವವರು ಹುಟ್ಟಿಕೊಂಡರು. ಬಿಟ್ಟಿ ಟಿಕೆಟ್ಟಿಗೆ ಇಂಥ ದಿನ ಬೇಡ, ಈ ವಿಮಾನದಲ್ಲಿ ಇಷ್ಟೇ ಸೀಟು ಎಂಬ ನಿರ್ಬಂಧಗಳು ಹೆಚ್ಚಾಗಿ ಇರಲಿಲ್ಲ. ಸೀಟು ಖಾಲಿ ಇದ್ದರೆ ಅದು ಸದಸ್ಯರಿಗೇ. ಬಾಡಿಗೆ ಕಾರಿನ ಕಂಪನಿಗಳು, ಹೋಟೆಲುಗಳು ಒಂದೊಂದಾಗಿ ಜೊತೆಗೂಡಿದ ಮೇಲೆ ನೆಲದ ಮೇಲೆ ಓಡಾಡಿದರೂ ಮಲಗಿ ಎದ್ದರೂ ಮೈಲಿ ಜಮೆಯಾಗತೊಡಗಿತು.

ಬಹುಮಾನ ಬರುತ್ತಿದ್ದುದು ಕಾಗದದ ಪ್ರಮಾಣಪತ್ರದ ರೂಪದಲ್ಲಿ, ಅದನ್ನು ಮನೆಯವರಿಗೋ ಗೆಳೆಯರಿಗೋ ಕೊಡಬಹುದಿತ್ತು. ಕೊಡಬಹುದಾದದ್ದನ್ನು ಮಾರಬಹುದು ಎಂಬುದು ಬಹು ಬೇಗ ಪತ್ತೆಯಾಯಿತು. ಪ್ರಯಾಣಿಕರಿಂದ ಪ್ರಮಾಣಪತ್ರಗಳನ್ನು ಕಡಿಮೆ ಬೆಲೆಗೆ ಕೊಂಡು, ದೂರದ ಖಂಡಗಳಿಗೆ ಪ್ರಥಮ ದರ್ಜೆಯಲ್ಲಿ ಹೋಗಬಯಸುವವರಿಗೆ ಕಂಪನಿಯ ದರಕ್ಕಿಂತ ಎಷ್ಟೋ ಅಗ್ಗವಾಗಿ ಮಾರುವ ದಲ್ಲಾಳಿಗಳು ದಿನಪತ್ರಿಕೆಗಳಲ್ಲಿ ರಾಜಾರೋಷವಾಗಿ ಜಾಹೀರಾತು ಕೊಡುತ್ತಿದ್ದರು. ಕಂಪನಿಗಳು ಅವರ ಮೇಲೆ ದಾವೆ ಹೂಡಿ ಈ ಸಂತೆಯನ್ನು ಕದಲಿಸಲು ವರ್ಷಗಳೇ ಹಿಡಿದವು. ಮೈಲಿ ಕೂಡಿಸುವ ವಿದ್ಯೆಯನ್ನು ಕಲಿಸಲೆಂದೇ 1986ರಲ್ಲಿ ಇನ್‌ಸೈಡ್ ಫ್ಲೈಯರ್ ಎಂಬ ನಿಯತಕಾಲಿಕೆಯೂ ಹುಟ್ಟಿಕೊಂಡಿತು.

ಈ ಇಡೀ ಏರ್ಪಾಡಿನ ಹೃದಯದಲ್ಲಿ ಒಂದು ಚಾತುರ್ಯವಿತ್ತು, ಅದನ್ನು ಲಂಚ ಎಂದು ಕರೆಯಲು ಹಿಂಜರಿಯುವವರೂ ಬೇರೆ ಹೆಸರು ಹುಡುಕಲು ಕಷ್ಟಪಟ್ಟಿದ್ದಾರೆ. ಪದೇ ಪದೇ ಹಾರುವವರಲ್ಲಿ ಹೆಚ್ಚಿನವರು ಕಂಪನಿಯ ಕೆಲಸದ ಮೇಲೆ ಹೋಗುವವರು. ಟಿಕೆಟ್ಟಿನ ಹಣ ಕೊಡುವವನು ಧಣಿ, ಯಾವ ವಿಮಾನವೆಂದು ಆರಿಸುವವನು ನೌಕರ, ಮೈಲಿ ಸೇರುವುದು ನೌಕರನ ಖಾತೆಗೆ. ಹೀಗಾಗಿ ಐವತ್ತು ಡಾಲರ್ ಅಗ್ಗವಾದ ಬೇರೆ ವಿಮಾನವಿದ್ದರೂ ತನ್ನ ಮೈಲಿ ಸೇರುವ ವಿಮಾನವನ್ನೇ ಹಿಡಿಯಲು ಅವನಿಗೆ ಕಾರಣ ಸಿಕ್ಕಿತು, ಆ ಐವತ್ತು ಡಾಲರಿನ ಹೊರೆ ಮಾತ್ರ ಅವನದಾಗಿರಲಿಲ್ಲ. ಅಮೆರಿಕದ ಸರ್ಕಾರ ತನ್ನ ನೌಕರರ ವಿಷಯದಲ್ಲಿ ಬಹುಕಾಲ ಬಿಗಿಯಾಗಿದ್ದು, ಸರ್ಕಾರಿ ಪ್ರಯಾಣದ ಮೈಲಿ ಸರ್ಕಾರದ್ದೇ ಎನ್ನುತ್ತಿತ್ತು. 2001ರ ಕೊನೆಗೆ ಬಂದ ಕಾನೂನಿನಿಂದ ಅವು ನೌಕರರಿಗೆ ಸೇರಿದವು. ಈ ಮೈಲಿಗಳನ್ನು ವರಮಾನವೆಂದು ಪರಿಗಣಿಸಿ ತೆರಿಗೆ ಹಾಕಬೇಕೇ ಎಂಬ ಪ್ರಶ್ನೆಗೆ ಅಲ್ಲಿನ ತೆರಿಗೆ ಇಲಾಖೆ 2002ರಲ್ಲಿ, ಆ ಗೊಡವೆಗೆ ಹೋಗುವುದಿಲ್ಲವೆಂಬ ಅರ್ಥದ ಪ್ರಕಟಣೆ ಹೊರಡಿಸಿ ಕೈತೊಳೆದುಕೊಂಡಿತು.

ಅದೇ ಕಾಲದ, ಅದೇ ಮನೋಧರ್ಮದ ಇನ್ನೊಂದು ಕೂಸು ಆಜೀವ ಪಾಸು. ಬ್ಯಾಂಕಿನ ಬಡ್ಡಿ ವಿಪರೀತ ಏರಿದ್ದ 1981ರಲ್ಲಿ ಸಾಲಕ್ಕೆ ಬದಲು ಪ್ರಯಾಣಿಕರಿಂದಲೇ ಹಣ ಎತ್ತುವ ಉಪಾಯವಾಗಿ ಅಮೆರಿಕನ್ ಏರ್‌ಲೈನ್ಸ್ 2,50,000 ಡಾಲರಿಗೆ ಜೀವಮಾನವಿಡೀ ಲೆಕ್ಕವಿಲ್ಲದೆ ಪ್ರಥಮ ದರ್ಜೆಯಲ್ಲಿ ಹಾರುವ ಪಾಸನ್ನು ಮಾರಿತು. ಇನ್ನಷ್ಟು ಕೊಟ್ಟವರು ಜೊತೆಗೊಬ್ಬರನ್ನೂ ಕರೆದೊಯ್ಯಬಹುದಿತ್ತು. ಕೊಂಡವರು ದಣಿಯುತ್ತಾರೆ, ವಯಸ್ಸಾಗಿ ಮನೆ ಸೇರುತ್ತಾರೆ ಎಂದು ಕಂಪನಿ ನಂಬಿದ್ದಂತಿದೆ. ಕೆಲವರು ದಣಿಯಲಿಲ್ಲ. ಬೆಳಗಿನ ತಿಂಡಿಗೆ ಒಂದು ಊರು, ರಾತ್ರಿಯ ಊಟಕ್ಕೆ ಇನ್ನೊಂದು ಎಂಬಂತೆ ಹಾರಿದರು, ಜೊತೆಯ ಸೀಟಿಗೆ ಅಪರಿಚಿತರನ್ನೂ ಹತ್ತಿಸಿಕೊಂಡರು, ಸಾಲದ್ದಕ್ಕೆ ಆ ಹಾರಾಟಗಳಿಗೂ ಮೈಲಿ ಸಂಪಾದಿಸಿದರು. ಕಂಪನಿ 1994ರಲ್ಲಿ ಇಂಥ ಪಾಸುಗಳ ಮಾರಾಟ ನಿಲ್ಲಿಸಿತು. 2008ರಲ್ಲಿ ಕೆಲವರ ಪಾಸುಗಳನ್ನು ದುರ್ಬಳಕೆಯ ಆರೋಪದ ಮೇಲೆ ಕಸಿದುಕೊಂಡು ಕೋರ್ಟಿನ ವ್ಯಾಜ್ಯಕ್ಕೂ ಸಿಕ್ಕಿಕೊಂಡಿತು.

ಮೈಲಿಗಳ ಧಾರಾಳತನ ತುದಿ ಮುಟ್ಟಿದ್ದು 1988ರಲ್ಲಿ. ನಿರ್ದಿಷ್ಟ ಕಾರ್ಡಿನಿಂದ ಟಿಕೆಟ್ಟು ಕೊಂಡವರಿಗೆ ಮೂರರಷ್ಟು ಮೈಲಿ ಕೊಡುವುದಾಗಿ ಡೆಲ್ಟಾ ಸಾರಿದ್ದೇ ತಡ, ಉಳಿದ ಕಂಪನಿಗಳೂ ಮುಮ್ಮಡಿ ಮೈಲಿಗೆ ಕೈ ಹಾಕಿದವು. ಆ ಒಂದು ವರ್ಷದಲ್ಲಿ ಜನರ ಖಾತೆಗಳಲ್ಲಿ ಬೆಳೆದ ಜಮೆ ತೀರಲು ಮುಂದಿನ ಎಷ್ಟೋ ವರ್ಷ ಬೇಕಾಯಿತು. ಜಮೆಯೆಂದರೆ ಕಂಪನಿಯ ಮಟ್ಟಿಗೆ ಸಾಲ. ಆದರೂ ಬಿಟ್ಟಿ ಮೈಲಿ ಅತಿಯಾಯಿತು, ಅದಕ್ಕೇ ಕಂಪನಿಗಳು ಕೈ ಬಿಗಿ ಮಾಡಿದವು ಎಂಬ ಸಾಮಾನ್ಯ ವಿವರಣೆ ಅರ್ಧ ಮಾತ್ರ ನಿಜ. ಉಳಿದರ್ಧ ಮತ್ತೆ ಸೇಬರಿನ ಕಡೆಗೇ ಕರೆದೊಯ್ಯುತ್ತದೆ.

ಅಗ್ಗದ ದರದ ಪೀಪಲ್ ಎಕ್ಸ್‌ಪ್ರೆಸ್ ಕಂಪನಿಯನ್ನು ಎದುರಿಸಲು ಅಮೆರಿಕನ್ 1985ರ ಜನವರಿಯಲ್ಲಿ ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳಲ್ಲಿ ಮಾರುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಬಹಳ ಮುಂಚೆ ಕಾಯ್ದಿರಿಸುವವರಿಗೆ ಅಗ್ಗದ ಸೀಟುಗಳನ್ನು ಇಷ್ಟು ಎಂದು ಎಣಿಸಿ ಬಿಡುವುದು, ಕೊನೆಯ ಗಳಿಗೆಯಲ್ಲಿ ಓಡಿಬರುವ ವ್ಯಾಪಾರಿಗೆಂದು ದುಬಾರಿ ಸೀಟುಗಳನ್ನು ಕಾಯ್ದಿಡುವುದು, ಯಾವ ವಿಮಾನದಲ್ಲಿ ಯಾವ ದಿನ ಎಂಥ ಗಿರಾಕಿ ಎಷ್ಟು ಬರಬಹುದೆಂದು ಹಿಂದಿನ ಬುಕ್ಕಿಂಗುಗಳಿಂದ ಅಂದಾಜಿಸುವುದು, ಇವೆಲ್ಲ ಸೇರಿದ ಈ ಲೆಕ್ಕಾಚಾರಕ್ಕೆ ಇಳುವರಿ ನಿರ್ವಹಣೆ ಎಂಬ ಹೆಸರು ಬಿದ್ದಿತು. ಪೀಪಲ್ ಎಕ್ಸ್‌ಪ್ರೆಸ್ ಎರಡು ವರ್ಷದೊಳಗೆ ಬೇರೆಯವರ ಪಾಲಾಯಿತು. ಪ್ರಯಾಣಿಕರ ಮೈಲಿಗಳಿಗೆ ಇದರಿಂದ ತಟ್ಟಿದ ಪೆಟ್ಟು ನಿಧಾನವಾದದ್ದು, ಆದರೆ ಆಳವಾದದ್ದು. ಖಾಲಿ ಉಳಿಯಲಿರುವ ಸೀಟು ಯಾವುದು, ಕೊನೆಗೆ ದುಡ್ಡಿಗೆ ಹೋಗುವ ಸೀಟು ಯಾವುದು ಎಂದು ಮುಂಚಿತವಾಗಿ ಹೇಳಬಲ್ಲ ಯಂತ್ರ ಇಲ್ಲದಿದ್ದಾಗ ಕಂಪನಿ ಕಣ್ಣು ಮುಚ್ಚಿ ಕೊಟ್ಟಿತ್ತು. ಹೇಳಬಲ್ಲ ಯಂತ್ರ ಬಂದ ಮೇಲೆ ಪ್ರತಿ ಬಿಟ್ಟಿ ಸೀಟಿನ ಪಕ್ಕದಲ್ಲೂ ಅದನ್ನು ಮಾರಿದ್ದರೆ ಸಿಗುತ್ತಿದ್ದ ಮೊತ್ತ ಕಾಣತೊಡಗಿತು. ಭರ್ತಿ ಪ್ರಮಾಣವೂ ಏರುತ್ತ ಹೋಗಿ ಶತಮಾನದ ತಿರುವಿಗೆ ಶೇಕಡಾ 70ನ್ನು, 2010ರ ಸುಮಾರಿಗೆ 80ನ್ನು ದಾಟಿತು. ಕೊಡಲು ಖಾಲಿ ಸೀಟುಗಳೇ ಕಡಿಮೆಯಾದವು.

ಅಮೆರಿಕನ್ 1988ರಲ್ಲಿ ತನ್ನ ಯೋಜನೆಯ ನಿಯಮಗಳನ್ನು ಬದಲಿಸಿ, ಬಿಟ್ಟಿ ಟಿಕೆಟ್ಟಿಗೆ ಕೆಲವು ದಿನಗಳನ್ನು ನಿಷೇಧಿಸಿತು, ವಿಮಾನವೊಂದಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನೂ ಹಾಕಿತು. ಆಗಲೇ ಕೂಡಿಟ್ಟ ಮೈಲಿಗಳಿಗೂ ಇದು ಅನ್ವಯಿಸುವುದು ಮೋಸವೆಂದು ಇಲಿನಾಯ್ ರಾಜ್ಯದ ಸದಸ್ಯರು ದಾವೆ ಹೂಡಿದರು. ಅದು ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1995ರ ಜನವರಿಯಲ್ಲಿ ತೀರ್ಪಾಯಿತು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ಆ ತೀರ್ಪಿನಂತೆ ರಾಜ್ಯದ ಗ್ರಾಹಕ ವಂಚನೆ ಕಾನೂನನ್ನು ವಿಮಾನ ಕಂಪನಿಯ ಮೇಲೆ ಹೇರುವಂತಿಲ್ಲ, ಆದರೆ ಕಂಪನಿ ತಾನೇ ಕೊಟ್ಟ ಮಾತನ್ನು ಮುರಿದಿದ್ದರೆ ಕರಾರು ಭಂಗದ ದಾವೆಗೆ ಅಡ್ಡಿಯಿಲ್ಲ. ರಾಜ್ಯಗಳ ಕೈ ಕಟ್ಟಿದ್ದು 1978ರ ಅದೇ ನಿಯಂತ್ರಣ ರದ್ದತಿಯ ಕಾನೂನು. ತೀರ್ಪು ಬಂದ 1995ರಲ್ಲೇ ಅಮೆರಿಕನ್ ದೇಶದೊಳಗಿನ ಸಾಮಾನ್ಯ ದರ್ಜೆಯ ಬಿಟ್ಟಿ ಟಿಕೆಟ್ಟಿನ ಬೆಲೆಯನ್ನು 20,000 ಮೈಲಿಯಿಂದ 25,000 ಮೈಲಿಗೆ ಏರಿಸಿತು.

ಅಷ್ಟರಲ್ಲಿ ಮೈಲಿಯ ಸ್ವರೂಪವೇ ಬೇರೆಯಾಗಿತ್ತು. ಸಿಟಿ ಬ್ಯಾಂಕಿನ ಜೊತೆ ಸೇರಿ ಅಮೆರಿಕನ್ 1987ರಲ್ಲಿ ಹೊರತಂದ ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ ಪ್ರತಿ ಡಾಲರಿಗೂ ಮೈಲಿ ಸಿಗುತ್ತಿತ್ತು, ಆ ಮೈಲಿಗಳನ್ನು ಬ್ಯಾಂಕು ಕಂಪನಿಯಿಂದ ನಗದು ಕೊಟ್ಟು ಕೊಳ್ಳುತ್ತಿತ್ತು. ಉಳಿಕೆ ಸೀಟಿನ ಕೊಸರಾಗಿ ಹುಟ್ಟಿದ್ದು ಹೀಗೆ ತಾನೇ ಮಾರಾಟದ ಸರಕಾಯಿತು. ವಿಮಾನ ಹತ್ತದವರೂ ಮೈಲಿಯ ಧನಿಕರಾದರು. ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರ್ 1999ರಲ್ಲಿ ಆಹಾರ ಕಂಪನಿಯೊಂದರ ಕೊಡುಗೆಯ ಲೆಕ್ಕ ಹಾಕಿ, ಸುಮಾರು 3,000 ಡಾಲರಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಪುಡ್ಡಿಂಗಿನ ಬಟ್ಟಲುಗಳನ್ನು ಕೊಂಡು, ಅವುಗಳ ಮೇಲಿನ ಚೀಟಿಗಳಿಂದ ಹನ್ನೆರಡು ಲಕ್ಷಕ್ಕೂ ಮೀರಿದ ಮೈಲಿ ಗಳಿಸಿದ್ದು, ಪುಡ್ಡಿಂಗನ್ನು ದಾನ ಮಾಡಿ ತೆರಿಗೆಯಲ್ಲೂ ರಿಯಾಯಿತಿ ಪಡೆದದ್ದು ಈ ಎರಡನೆಯ ಕಾಲದ ಕತೆ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ಹಾರಿದ ದೂರವನ್ನು ಬಿಟ್ಟು ಟಿಕೆಟ್ಟಿಗೆ ಕೊಟ್ಟ ಹಣದ ಮೇಲೆ ಮೈಲಿ ಕೊಡತೊಡಗಿದವು. ಸೋಂಕಿನ ವರ್ಷವಾದ 2020ರಲ್ಲಿ ಬಹುಪಾಲು ವಿಮಾನಗಳು ನೆಲಕ್ಕಿಳಿದಿದ್ದಾಗ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಯೋಜನೆಯನ್ನೇ ಒತ್ತೆಯಿಟ್ಟು 680 ಕೋಟಿ ಡಾಲರ್ ಎತ್ತಿತು.

ಭಾರತಕ್ಕೆ ಈ ಯೋಜನೆ ಬಂದದ್ದು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ 1990ರ ದಶಕದಲ್ಲಿ, ಎಂದರೆ ಅಮೆರಿಕದಲ್ಲಿ ಸುಗ್ಗಿ ಮುಗಿದ ಮೇಲೆ. ಆದ್ದರಿಂದ ಷರತ್ತುಗಳಿಲ್ಲದ ಆ ಮೊದಲ ವರ್ಷಗಳನ್ನು ಇಲ್ಲಿನ ಪ್ರಯಾಣಿಕರು ಕಂಡದ್ದೇ ಇಲ್ಲ. ಬೆಂಗಳೂರಿನಿಂದ 2003ರಲ್ಲಿ ಹುಬ್ಬಳ್ಳಿಗೆ ಮೊದಲು ಹಾರಿದ ಏರ್ ಡೆಕ್ಕನ್ನಿನ ಆಕರ್ಷಣೆ ಅಗ್ಗದ ಟಿಕೆಟ್ಟಿನಲ್ಲಿತ್ತು. ಬೆಂಗಳೂರಿನದೇ ಆದ, 2005ರಲ್ಲಿ ಆರಂಭವಾದ ಕಿಂಗ್‌ಫಿಶರ್ ಏರ್‌ಲೈನ್ಸ್ ಕಿಂಗ್ ಕ್ಲಬ್ ಎಂಬ ಯೋಜನೆಯನ್ನು ನಡೆಸಿತು. 2012ರ ಅಕ್ಟೋಬರಿನಲ್ಲಿ ಅದರ ವಿಮಾನಗಳು ನಿಂತಾಗ ಸದಸ್ಯರ ಮೈಲಿಗಳಿಗೆ ಹಾರುವ ರೆಕ್ಕೆ ಉಳಿಯಲಿಲ್ಲ. ಅಮೆರಿಕದ ಪ್ಯಾನ್ ಆಮ್ ಕಂಪನಿ 1991ರಲ್ಲಿ ಮುಳುಗಿದಾಗ ಅದರ ಸದಸ್ಯರ ಮೈಲಿಗಳನ್ನು ಡೆಲ್ಟಾ ವಹಿಸಿಕೊಂಡಿತ್ತು, ಆ ಭಾಗ್ಯ ಇಲ್ಲಿನವರಿಗೆ ಒದಗಲಿಲ್ಲ. ಜೆಟ್ ಏರ್‌ವೇಸ್ 2019ರಲ್ಲಿ ನಿಂತಾಗ ಬೇರೆಯದೇ ಆಯಿತು. ಅದರ ಮೈಲಿ ಯೋಜನೆ ಆ ವೇಳೆಗೆ ಪ್ರತ್ಯೇಕ ಕಂಪನಿಯಾಗಿದ್ದರಿಂದ ವಿಮಾನಗಳು ಹೋದರೂ ಅದು ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಉಳಿಯಿತು. ಇವರೆಲ್ಲರ ನಡುವೆ 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ, ಇಂಥದೊಂದು ಮೈಲಿ ಯೋಜನೆಯಿಲ್ಲದೆ ದೇಶದ ಅತಿ ದೊಡ್ಡ ವಿಮಾನ ಕಂಪನಿಯಾಗಿ ಬೆಳೆಯಿತು. ಸೀಟುಗಳನ್ನು ತುಂಬಬಲ್ಲ ಕಂಪನಿಗೆ ಅದರ ಅವಸರವಿರಲಿಲ್ಲ. ಕೊನೆಗೆ 2024ರಲ್ಲಿ ಬ್ಲೂಚಿಪ್ ಎಂಬ ಹೆಸರಿನಲ್ಲಿ ಅದನ್ನು ತಂದಾಗ ಅಂಕಗಳನ್ನು ಎಣಿಸಿದ್ದು ಟಿಕೆಟ್ಟಿಗೆ ಕೊಟ್ಟ ರೂಪಾಯಿಗಳ ಮೇಲೆ, ಹಾರಿದ ದೂರ ಅದರ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.